ಚೀನೀ ಭಾಷೆ ಮತ್ತು ಸಂಸ್ಕೃತಿಯ ವ್ಯಾಸಂಗಕ್ಕಾಗಿ ಚೀನಾ ದೇಶಕ್ಕೆ ತೆರಳುವ ಅಭ್ಯರ್ಥಿಗಳಿಗೆ ಮಾಹಿತಿ

ಚೀನೀ ಭಾಷೆಯನ್ನು ಅದು ಆಡುನುಡಿಯಾಗಿರುವ ನಾಡಿನಲ್ಲಿಯೇ ಇದ್ದು ಕಲಿಯಬಯಸುವ ಅಭ್ಯರ್ಥಿಗಳಿಂದ ಹಾಗೂ ಅವರ ಪೋಷಕರಿಂದ ಬರುವ ವಿಚಾರಣೆಗಳನ್ನು ಗಮನದಲ್ಲಿರಿಸಿಕೊಂಡು ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ವೈದ್ಯಕೀಯ ಪದವಿಗಾಗಿ ಚೀನಾಕ್ಕೆ ತೆರಳುವವರಿಗೆ ಅನ್ವಯಿಸುವ ನಿಯಮಗಳು ಬೇರೆಯಾಗಿದ್ದು, ಅವುಗಳನ್ನು ಇಲ್ಲಿ ಪ್ರಸ್ತಾಪಿಸಿರುವುದಿಲ್ಲ.

ವಿಚಾರಣೆಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ವಿಶ್ವವಿದ್ಯಾಲಯ ಉತ್ತಮ ಎಂದು. ಆದರೆ ಈ ವ್ಯಾಸಂಗದಲ್ಲಿ ಒಂದು ವರ್ಷ ವ್ಯರ್ಥವಾಗಿರುವ ಪ್ರಕರಣಗಳಲ್ಲಿ ವಿಶ್ವವಿದ್ಯಾಲಯದ ಆಯ್ಕೆಯು ಕಾರಣವಾಗಿರುವುದು ಅಪರೂಪ. ತಾವು ಯಾವ ವರ್ಗದ ವಿದ್ಯಾರ್ಥಿಯಾಗಿ ಹೋಗುತ್ತಿದ್ದೇವೆ, ಕೈಯಲ್ಲಿರುವ ವೀಸಾ ಯಾವುದು, ಹಿಂದಿರುಗಿದಾಗ ದೊರೆಯುವ ಕಾಗದದ ಬೆಲೆ ಏನು ಎಂಬ ಮೂರು ವಿಷಯಗಳನ್ನು ಶುಲ್ಕ ಪಾವತಿಸುವ ಮುನ್ನ ತಿಳಿದುಕೊಳ್ಳದಿರುವುದೇ ಬಹುತೇಕ ತೊಂದರೆಗಳ ಮೂಲವಾಗಿದೆ.

ಹಿನ್ನೆಲೆ

ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕನ್ನಡಿಗರಿಗೆ ಶಾಲಾ ಪಠ್ಯದಿಂದಲೇ ಪರಿಚಿತನು. ಆತನು ಭಾರತಕ್ಕೆ ಬಂದ ಮುಖ್ಯ ಉದ್ದೇಶ ಬೌದ್ಧ ಗ್ರಂಥಗಳನ್ನು ಮೂಲ ಭಾಷೆಯಲ್ಲಿ, ಮೂಲ ಗುರುಗಳಲ್ಲಿ ಅಭ್ಯಾಸ ಮಾಡುವುದಾಗಿತ್ತು. ಕ್ರಿ.ಶ. 645ರಲ್ಲಿ ಆತನು ಸ್ವದೇಶಕ್ಕೆ ಮರಳುವಾಗ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಎದುರು ದಿಕ್ಕಿನ ಪ್ರಯಾಣ, ಅಂದರೆ ಭಾರತೀಯರು ಚೀನೀ ಭಾಷೆಯನ್ನು ಶಿಸ್ತುಬದ್ಧವಾಗಿ ಕಲಿಯುವುದು, ಆಧುನಿಕ ಕಾಲದಲ್ಲಿ ಬೇರೂರಿದ್ದು 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನ ಸ್ಥಾಪನೆಯಾದ ನಂತರ. 1938ರ ವೈದ್ಯಕೀಯ ತಂಡದಲ್ಲಿ ತೆರಳಿದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರು ಕೆಲವೇ ವರ್ಷಗಳಲ್ಲಿ ಚೀನೀ ಭಾಷೆಯಲ್ಲಿಯೇ ಪಾಠ ಹೇಳುವಷ್ಟು ಕಲಿತಿದ್ದರು. 1947ರಲ್ಲಿ ಪೀಕಿಂಗ್‌ಗೆ ಹೋದ ಭಾರತೀಯ ವಿದ್ಯಾರ್ಥಿಗಳಲ್ಲಿ ಒಬ್ಬರಾದ ವಸಂತ ಪರಾಂಜಪೆ ಅವರು ಮುಂದೆ ವಿದೇಶಾಂಗ ಸೇವೆಗೆ ಸೇರಿ, ನೆಹರೂ ಅವರ ಮಾತುಕತೆಗಳಿಗೆ ದುಭಾಷಿಯಾಗಿ ಕೆಲಸ ಮಾಡಿದರು.

ಚೀನೀ ಸಾಹಿತ್ಯವು ಕನ್ನಡಕ್ಕೆ ಬಹುಪಾಲು ಇಂಗ್ಲಿಷಿನ ಮೂಲಕವೇ ಬಂದಿದೆ. ನೇರವಾಗಿ ತರಬಲ್ಲವರ ಕೊರತೆ ಇಂದಿಗೂ ನೀಗಿಲ್ಲ.

ಭಾಷೆಯ ಸ್ವರೂಪ

ಚೀನೀ ಭಾಷೆ ಎಂದು ಸಾಮಾನ್ಯವಾಗಿ ಕರೆಯಲಾಗುವುದು ಬೀಜಿಂಗ್ ಉಚ್ಚಾರವನ್ನು ಆಧರಿಸಿದ ಪ್ರಮಾಣಭಾಷೆ. ಇದನ್ನು ಅಲ್ಲಿ ಪುಟೊಂಗ್‌ಹ್ವಾ ಎಂದೂ, ಹೊರಗೆ ಮ್ಯಾಂಡರಿನ್ ಎಂದೂ ಹೇಳುತ್ತಾರೆ. ಗುವಾಂಗ್‌ಝೌ ಪ್ರಾಂತದ ಕ್ಯಾಂಟೊನೀಸ್, ಶಾಂಘೈ ಸುತ್ತಲಿನ ಮಾತು, ಶಿಯಾಮೆನ್ ಭಾಗದ ಮಾತು ಇವು ಪರಸ್ಪರ ಅರ್ಥವಾಗದಷ್ಟು ಬೇರೆಯಾಗಿವೆ. ತರಗತಿಯಲ್ಲಿ ಎಲ್ಲೆಡೆಯೂ ಪ್ರಮಾಣಭಾಷೆಯನ್ನೇ ಕಲಿಸಲಾಗುತ್ತದೆ.

ಈ ಭಾಷೆಯಲ್ಲಿ ಟೋನ್ ಎಂದು ಕರೆಯಲಾಗುವ ಧ್ವನಿಯ ಏರಿಳಿತವು ಪದದ ಭಾಗವೇ ಆಗಿದೆ. ಮೊದಲನೆಯದು ಎತ್ತರದಲ್ಲಿ ಸಮನಾಗಿ ಸಾಗುತ್ತದೆ, ಎರಡನೆಯದು ಏರುತ್ತದೆ, ಮೂರನೆಯದು ತಗ್ಗಿನಲ್ಲಿ ಇಳಿದು ಏಳುತ್ತದೆ, ನಾಲ್ಕನೆಯದು ಥಟ್ಟನೆ ಇಳಿಯುತ್ತದೆ. ಇವಲ್ಲದೆ ಭಾರವಿಲ್ಲದ ಹಗುರ ಉಚ್ಚಾರವೂ ಉಂಟು. ಲೆಕ್ಕಪತ್ರ ಓದಿದವರಿಗೆ ಒಂದು ಉದಾಹರಣೆ ಬೇಗ ಮನದಟ್ಟಾಗಬಹುದು: ಕೊಳ್ಳುವುದಕ್ಕೂ ‘ಮಾಯ್’, ಮಾರುವುದಕ್ಕೂ ‘ಮಾಯ್’. ಮೂರನೆಯ ಟೋನಿನಲ್ಲಿ ಹೇಳಿದರೆ ಖರೀದಿ, ನಾಲ್ಕನೆಯದರಲ್ಲಿ ಹೇಳಿದರೆ ಮಾರಾಟ. ಏರಿಳಿತ ತಪ್ಪಿದರೆ ವ್ಯವಹಾರವೇ ತಿರುಗುಮುರುಗಾಗುತ್ತದೆ.

ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಸೂಚಿಸಲು 1958ರಲ್ಲಿ ಪಿನ್‌ಯಿನ್ ಎಂಬ ಕ್ರಮವನ್ನು ಜಾರಿಗೆ ತರಲಾಯಿತು. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವೂ ಒಂದು ಅಪಾಯವೂ ಇದೆ. ಪಿನ್‌ಯಿನ್‌ನ ‘ಬಿ’ ಅಕ್ಷರವು ನಮ್ಮ ‘ಬ’ ಅಲ್ಲ, ‘ಪ’ಕ್ಕೆ ಸಮೀಪವಾದುದು; ‘ಪಿ’ ಅಕ್ಷರವು ಅದರ ಮಹಾಪ್ರಾಣ. ಹಾಗೆಯೇ ‘ಡಿ’ ಎಂದರೆ ‘ತ’, ‘ಟಿ’ ಎಂದರೆ ‘ಥ’. ‘ಜಿ’ ಎಂದರೆ ‘ಕ’, ‘ಕೆ’ ಎಂದರೆ ‘ಖ’. ನಾವು ಬೀಜಿಂಗ್ ಎಂದು ಬರೆಯುವ ಊರಿನ ಹೆಸರು ಅಲ್ಲಿನವರ ಬಾಯಲ್ಲಿ ಹೆಚ್ಚುಕಡಿಮೆ ‘ಪೆಯ್‌ಚಿಂಗ್’. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿರುವ ನಮ್ಮ ಮಕ್ಕಳು ಇದನ್ನು ಸುಲಭವಾಗಿ ಹಿಡಿಯಬಲ್ಲರು. ಆದರೆ ಇಂಗ್ಲಿಷ್ ಓದುವ ರೂಢಿಯಲ್ಲಿ ಪಿನ್‌ಯಿನ್ ಓದಿದರೆ ಆ ಅನುಕೂಲವೆಲ್ಲ ನಷ್ಟವಾಗುತ್ತದೆ. ಹೀಗೆ ಅಭ್ಯಾಸವಾದ ತಪ್ಪನ್ನು ತಿದ್ದಿಕೊಳ್ಳಲು ಹೊಸದಾಗಿ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಆದ್ದರಿಂದ ಮೊದಲ ತಿಂಗಳು ಪಿನ್‌ಯಿನ್ ಪಕ್ಕದಲ್ಲಿ ಕನ್ನಡ ಅಕ್ಷರಗಳನ್ನು ಬರೆದುಕೊಳ್ಳುವುದು ಸೂಕ್ತ.

ವ್ಯಾಕರಣವು ಜನರು ಭಾವಿಸುವಷ್ಟು ಕಠಿಣವಲ್ಲ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯಗಳು ಇರುವುದಿಲ್ಲ. ಎಣಿಸುವಾಗ ಮಾತ್ರ ಸಂಖ್ಯೆಗೂ ವಸ್ತುವಿಗೂ ನಡುವೆ ಒಂದು ಎಣಿಕೆಯ ಪದ ಬರುತ್ತದೆ. ಪುಸ್ತಕಕ್ಕೆ ಒಂದು, ಕಾಗದ ಅಥವಾ ಮೇಜಿನಂತಹ ಅಗಲದ ವಸ್ತುವಿಗೆ ಇನ್ನೊಂದು. ‘ನಾಲ್ಕು ಜನ ಮಕ್ಕಳು’ ಎನ್ನುವ ನಮಗೆ ಇದು ತೀರ ಅಪರಿಚಿತವೂ ಅಲ್ಲ.

ನಿಜವಾದ ಶ್ರಮ ಇರುವುದು ಲಿಪಿಯಲ್ಲಿ. 2013ರಲ್ಲಿ ಚೀನಾ ಸರ್ಕಾರ ಪ್ರಕಟಿಸಿದ ಪ್ರಮಾಣಿತ ಪಟ್ಟಿಯಲ್ಲಿ 8,105 ಅಕ್ಷರಗಳಿದ್ದು, ಅವುಗಳಲ್ಲಿ ಮೊದಲ ಶ್ರೇಣಿಯ 3,500 ಅಕ್ಷರಗಳು ದಿನಬಳಕೆಯವು. ಪ್ರತಿಯೊಂದನ್ನೂ ರೇಖೆಗಳ ನಿಗದಿತ ಅನುಕ್ರಮದಲ್ಲಿ ಬರೆಯಬೇಕು. ಅಕ್ಷರಗಳು ಅಂಗಗಳಿಂದ ಕೂಡಿಕೊಂಡಿರುತ್ತವೆ: ಎಡಬದಿಯಲ್ಲಿ ಮೂರು ಹನಿಗಳ ಗುರುತಿದ್ದರೆ ಆ ಪದಕ್ಕೆ ನೀರಿನೊಡನೆ ಸಂಬಂಧವಿರುವ ಸಂಭವ ಹೆಚ್ಚು, ಉಳಿದ ಅರ್ಧವು ಬಹಳಷ್ಟು ಸಲ ಉಚ್ಚಾರದ ಸುಳಿವನ್ನು ಕೊಡುತ್ತದೆ. ಇದನ್ನು ಅರಿಯದೆ ಒಂದೊಂದನ್ನೂ ಚಿತ್ರವೆಂಬಂತೆ ಬಾಯಿಪಾಠ ಮಾಡುವವರು ಮುನ್ನೂರು ಅಕ್ಷರಗಳಿಗೆ ದಣಿಯುತ್ತಾರೆ.

ಹೊರಡುವ ಮುನ್ನ ಸ್ವದೇಶದಲ್ಲಿ ಕಲಿಕೆ

ಅಲ್ಲಿಗೆ ಹೋದ ಮೇಲೆ ಎಲ್ಲವನ್ನೂ ಕಲಿಯಬಹುದು ಎಂಬ ಸಲಹೆಯನ್ನು ಅರ್ಜಿದಾರರು ಒಪ್ಪಬಾರದೆಂದು ಕೋರಲಾಗಿದೆ. ಎರಡು ಸೆಮಿಸ್ಟರುಗಳ ವರ್ಷದಲ್ಲಿ ರಜೆಗಳನ್ನು ಕಳೆದರೆ ಪಾಠ ನಡೆಯುವುದು ಸುಮಾರು ಎಂಟು ತಿಂಗಳು ಮಾತ್ರ. ಶೂನ್ಯದಿಂದ ಆರಂಭಿಸುವವರು ಇದರಲ್ಲಿ ಮೊದಲ ಮೂರು ತಿಂಗಳನ್ನು ಉಚ್ಚಾರ ಮತ್ತು ಪ್ರಾಥಮಿಕ ಅಕ್ಷರಗಳಿಗೆ ವ್ಯಯಿಸುತ್ತಾರೆ. ಅದನ್ನು ಊರಿನಲ್ಲಿಯೇ, ಬಹಳ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ಬೀದಿಯಲ್ಲಿ, ಅಂಗಡಿಯಲ್ಲಿ, ವಿದ್ಯಾರ್ಥಿನಿಲಯದಲ್ಲಿ ಭಾಷೆ ಕಿವಿಗೆ ಬೀಳುವುದರ ಪ್ರಯೋಜನವಾಗುವುದು ಅಲ್ಪಸ್ವಲ್ಪ ಅರ್ಥವಾಗತೊಡಗಿದ ಮೇಲೆಯೇ.

ಸಾಮರ್ಥ್ಯವನ್ನು ಅಳೆಯಲು ಎಚ್‌ಎಸ್‌ಕೆ ಎಂಬ ಪರೀಕ್ಷೆ ಇದೆ. 2010ರ ಕ್ರಮದಲ್ಲಿ ಇದಕ್ಕೆ ಆರು ಹಂತಗಳಿದ್ದು, ಮೂರನೆಯ ಹಂತಕ್ಕೆ 600, ನಾಲ್ಕನೆಯದಕ್ಕೆ 1,200, ಐದನೆಯದಕ್ಕೆ 2,500 ಪದಗಳನ್ನು ನಿಗದಿಪಡಿಸಲಾಗಿತ್ತು. 2021ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಮಾನದಂಡದಲ್ಲಿ ಒಂಬತ್ತು ಹಂತಗಳಿದ್ದು, ಒಟ್ಟು 3,000 ಅಕ್ಷರ ಮತ್ತು 11,092 ಪದಗಳಿವೆ. ಹೊಸ ಮಾನದಂಡಕ್ಕೆ ಅನುಗುಣವಾಗಿ ಪರೀಕ್ಷೆಯ ಹಂತಗಳನ್ನು ಪರಿಷ್ಕರಿಸಲಾಗುತ್ತಿರುವುದರಿಂದ, ಹಳೆಯ ಪಠ್ಯಪುಸ್ತಕಗಳನ್ನು ಕೊಳ್ಳುವ ಮುನ್ನ ಪರೀಕ್ಷಾ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಪ್ರವೇಶದ ಉದ್ದೇಶಕ್ಕೆ ಫಲಿತಾಂಶದ ಮಾನ್ಯತೆ ಎರಡು ವರ್ಷ. ಹೊರಡುವಾಗ ಎರಡನೆಯ ಅಥವಾ ಮೂರನೆಯ ಹಂತವನ್ನಾದರೂ ಮುಗಿಸಿರುವುದು ಅಪೇಕ್ಷಣೀಯ.

ವ್ಯಾಸಂಗದ ವರ್ಗ ಮತ್ತು ಪ್ರಮಾಣಪತ್ರದ ಮೌಲ್ಯ

ಚೀನೀ ವಿಶ್ವವಿದ್ಯಾಲಯಗಳು ಭಾಷೆ ಕಲಿಯುವವರನ್ನು ಸಾಮಾನ್ಯವಾಗಿ ‘ಭಾಷಾ ವಿದ್ಯಾರ್ಥಿ’ ಎಂಬ ವರ್ಗದಲ್ಲಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷಕ್ಕೆ ಸೇರಿಸಿಕೊಳ್ಳುತ್ತವೆ. ಇದು ಪದವಿ ಅಲ್ಲ. ಮುಗಿಸಿದವರಿಗೆ ವ್ಯಾಸಂಗ ಪೂರೈಸಿದ ಪ್ರಮಾಣಪತ್ರ ಹಾಗೂ ಅಂಕಪಟ್ಟಿ ದೊರೆಯುತ್ತವೆ. ಇದನ್ನು ಹೊರತುಪಡಿಸಿ, ವಿದೇಶೀಯರಿಗಾಗಿಯೇ ರೂಪಿಸಿರುವ ಚೀನೀ ಭಾಷೆಯ ನಾಲ್ಕು ವರ್ಷಗಳ ಸ್ನಾತಕ ಪದವಿಯೂ ಇದೆ. ಬೇರೆ ವಿಷಯದ ಪದವಿಗೆ ಸೇರುವ ಮುನ್ನ ಒಂದು ವರ್ಷ ಭಾಷೆ ಕಲಿಸುವ ಪೂರ್ವಸಿದ್ಧತಾ ತರಗತಿಯೂ ಇದೆ. ಮೂರಕ್ಕೂ ಒಂದೇ ಕಟ್ಟಡದಲ್ಲಿ, ಕೆಲವೊಮ್ಮೆ ಅದೇ ಅಧ್ಯಾಪಕರಿಂದ ಪಾಠ ನಡೆಯಬಹುದು. ಆದರೂ ಪ್ರವೇಶಪತ್ರದಲ್ಲಿ ಬರೆದಿರುವ ವರ್ಗವೇ ನಿರ್ಣಾಯಕ.

ಒಂದು ವರ್ಷದ ಭಾಷಾ ವ್ಯಾಸಂಗದ ಪ್ರಮಾಣಪತ್ರವನ್ನು ಪದವಿಯ ತತ್ಸಮಾನವೆಂದು ಪರಿಗಣಿಸಲು ಅವಕಾಶವಿರುವುದಿಲ್ಲ. ವಿದೇಶೀ ಪದವಿಗಳ ತತ್ಸಮಾನತೆಯನ್ನು ಕುರಿತು ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿದ್ದು, ಪದವಿಗಾಗಿ ಹೋಗುವವರು ಅದನ್ನು ಓದಿಕೊಳ್ಳತಕ್ಕದ್ದು. ನೇಮಕಾತಿಗೆ ಪದವಿಯೇ ಬೇಕಾಗಿದ್ದಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಅಥವಾ ವಿಶ್ವಭಾರತಿಯಂತಹ ಸಂಸ್ಥೆಯಲ್ಲಿ ಚೀನೀ ಭಾಷೆಯ ಪದವಿಯನ್ನು ಇಲ್ಲಿಯೇ ಪಡೆದು, ನಡುವೆ ಅಥವಾ ನಂತರ ಒಂದು ವರ್ಷ ಅಲ್ಲಿಗೆ ಹೋಗಿಬರುವುದು ಖರ್ಚಿನ ದೃಷ್ಟಿಯಿಂದಲೂ ಭದ್ರತೆಯ ದೃಷ್ಟಿಯಿಂದಲೂ ಹೆಚ್ಚು ವಿವೇಕದ ಮಾರ್ಗವೆಂದು ಕಂಡುಬರುತ್ತದೆ. ಈಗಾಗಲೇ ಪದವೀಧರರಾಗಿದ್ದು ಉದ್ಯೋಗ, ಅನುವಾದ ಅಥವಾ ಸಂಶೋಧನೆಗಾಗಿ ಭಾಷೆ ಬೇಕಾದವರಿಗೆ ಭಾಷಾ ವರ್ಷವು ಸಾಕಾಗುತ್ತದೆ.

ವಿಶ್ವವಿದ್ಯಾಲಯ ಮತ್ತು ನಗರದ ಆಯ್ಕೆ

ವಿದೇಶೀಯರಿಗೆ ಭಾಷೆ ಕಲಿಸುವುದಕ್ಕಾಗಿಯೇ 1962ರಲ್ಲಿ ಆರಂಭವಾದ ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯವು ಈ ಕ್ಷೇತ್ರದಲ್ಲಿ ಹೆಸರಾದುದು. ಪೀಕಿಂಗ್ ವಿಶ್ವವಿದ್ಯಾಲಯ, ಬೀಜಿಂಗ್ ನಾರ್ಮಲ್ ವಿಶ್ವವಿದ್ಯಾಲಯ, ಶಾಂಘೈನ ಫುದಾನ್, ಶಿಯಾಮೆನ್ ವಿಶ್ವವಿದ್ಯಾಲಯ, ಕುನ್ಮಿಂಗ್‌ನ ಯುನ್ನಾನ್ ವಿಶ್ವವಿದ್ಯಾಲಯಗಳಲ್ಲಿಯೂ ಈ ತರಗತಿಗಳಿವೆ.

ಬೀಜಿಂಗ್‌ನಲ್ಲಿ ಕೇಳುವ ಮಾತು ಪಠ್ಯದ ಮಾತಿಗೆ ಸಮೀಪ, ಆದರೆ ಪದಗಳ ತುದಿಗೆ ‘ಅರ್’ ಎಂದು ನಾಲಿಗೆ ಹೊರಳಿಸುವ ರೂಢಿಗೆ ಕಿವಿ ಹೊಂದಿಕೊಳ್ಳಬೇಕು. ಈಶಾನ್ಯದ ಹರ್ಬಿನ್ ನಗರವು ಸ್ಪಷ್ಟ ಉಚ್ಚಾರಕ್ಕೆ ಪ್ರಸಿದ್ಧ. ಜನವರಿಯಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗಿಳಿಯುವುದನ್ನು ಪೋಷಕರು ಗಮನಿಸತಕ್ಕದ್ದು. ಸುಮಾರು 1,900 ಮೀಟರ್ ಎತ್ತರದಲ್ಲಿರುವ ಕುನ್ಮಿಂಗ್‌ಗೆ ವಸಂತದ ನಗರವೆಂಬ ಹೆಸರಿದ್ದು, ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಒಪ್ಪುತ್ತದೆ. ಜೀವನವೆಚ್ಚವೂ ರಾಜಧಾನಿಗಿಂತ ಕಡಿಮೆ. ಆದರೆ ಅಲ್ಲಿನ ಬೀದಿಯ ಮಾತಿನಲ್ಲಿ ಸ್ಥಳೀಯ ಛಾಯೆ ಇದೆ. ಗುವಾಂಗ್‌ಝೌಗೆ ವ್ಯಾಪಾರದ ಕಾರಣದಿಂದ ಭಾರತೀಯರು ಹೆಚ್ಚಾಗಿ ಹೋಗುತ್ತಾರಾದರೂ, ಅಲ್ಲಿ ಬೀದಿಯಲ್ಲಿ ಕೇಳಿಬರುವುದು ಬಹಳಷ್ಟು ಕ್ಯಾಂಟೊನೀಸ್. ಹೊಸ ಕಲಿಕೆಗಾರನಿಗೆ ಇದು ಗೊಂದಲಕಾರಿ. ಭಾರತೀಯ ವಿದ್ಯಾರ್ಥಿಗಳು ಹೆಚ್ಚಾಗಿರುವ ನಿಲಯದಲ್ಲಿ ಉಳಿದರೆ ವರ್ಷವೆಲ್ಲ ಹಿಂದಿ, ಇಂಗ್ಲಿಷ್‌ಗಳಲ್ಲಿಯೇ ಕಳೆಯುವುದುಂಟು.

ತೈವಾನ್‌ನಲ್ಲಿಯೂ ಇದೇ ಪ್ರಮಾಣಭಾಷೆಯನ್ನು ಕಲಿಯಬಹುದು. ತೈಪೆಯ ರಾಷ್ಟ್ರೀಯ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ಶಿಕ್ಷಣ ಕೇಂದ್ರವು 1956ರಿಂದ ನಡೆಯುತ್ತಿದೆ. ಅಲ್ಲಿ ಸರಳೀಕರಿಸದ ಹಳೆಯ ಲಿಪಿ ಬಳಕೆಯಲ್ಲಿದೆ, ಪರೀಕ್ಷೆಯೂ ಬೇರೆ. ಪ್ರಾಚೀನ ಗ್ರಂಥ, ಶಾಸನ, ಬೌದ್ಧ ಸಾಹಿತ್ಯಗಳಲ್ಲಿ ಆಸಕ್ತಿಯುಳ್ಳವರಿಗೆ ಹಳೆಯ ಲಿಪಿ ಹೇಗೂ ಅಗತ್ಯ. ಮುಂದಿನ ದಾಖಲೆ ಮತ್ತು ವೀಸಾ ವಿವರಗಳು ತೈವಾನ್‌ಗೆ ಅನ್ವಯಿಸುವುದಿಲ್ಲ.

ವಿದ್ಯಾರ್ಥಿವೇತನ

2006ರಲ್ಲಿ ಭಾರತ ಮತ್ತು ಚೀನಾ ನಡುವೆ ಆದ ಶೈಕ್ಷಣಿಕ ವಿನಿಮಯ ಒಪ್ಪಂದದಲ್ಲಿ ಉಭಯ ಸರ್ಕಾರಗಳು ತಲಾ 25 ವಿದ್ಯಾರ್ಥಿಗಳಿಗೆ ವೇತನ ನೀಡಲು ಅವಕಾಶ ಕಲ್ಪಿಸಲಾಗಿತ್ತು. 2020ರಿಂದ ಸಂಚಾರಕ್ಕೆ ತಡೆ ಉಂಟಾಗಿದ್ದ ಕಾರಣ, ಆಯಾ ವರ್ಷದ ಅಧಿಸೂಚನೆಯನ್ನು ಕೇಂದ್ರ ಶಿಕ್ಷಣ ಮಂತ್ರಾಲಯದ ಪುಟದಲ್ಲಿ ನೋಡಿಕೊಂಡ ನಂತರವೇ ಮುಂದುವರಿಯತಕ್ಕದ್ದು. ಇದಲ್ಲದೆ ವಿಶ್ವವಿದ್ಯಾಲಯಗಳ ಮೂಲಕ ನೇರವಾಗಿ ಅರ್ಜಿ ಸಲ್ಲಿಸುವ ಮಾರ್ಗವೂ ಇದೆ. ಚೀನಾ ಸರ್ಕಾರದ ವೇತನದಲ್ಲಿ ಬೋಧನಾ ಶುಲ್ಕ ವಿನಾಯಿತಿ, ವಸತಿ, ವಿಮೆ ಮತ್ತು ಮಾಸಿಕ ಭತ್ಯೆ ಸೇರಿರುತ್ತವೆ. ಅರ್ಜಿಗಳು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿಯೇ ಮುಗಿಯುತ್ತವೆ. ಸೆಪ್ಟೆಂಬರಿನಲ್ಲಿ ತರಗತಿ ಎಂದು ಜೂನಿನಲ್ಲಿ ವಿಚಾರಿಸಲು ಬರುವವರಿಗೆ ಸ್ವಂತ ಖರ್ಚಿನ ಮಾರ್ಗವೊಂದೇ ಉಳಿದಿರುತ್ತದೆ.

ಸರ್ಕಾರಿ ವೇತನ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ಕೊಡಬಾರದು. ಪ್ರವೇಶಪತ್ರದ ನೈಜತೆಯನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ನೇರವಾಗಿ ಮಿಂಚಂಚೆ ಬರೆದು ಖಚಿತಪಡಿಸಿಕೊಳ್ಳಬಹುದು.

ದಾಖಲೆಗಳು

ಪಾಸ್‌ಪೋರ್ಟ್, ಅಂತಿಮ ವಿದ್ಯಾರ್ಹತೆಯ ಪ್ರಮಾಣಪತ್ರ ಹಾಗೂ ಅಂಕಪಟ್ಟಿಗಳ ದೃಢೀಕೃತ ನಕಲು, ವ್ಯಾಸಂಗದ ಯೋಜನೆ, ಅಧ್ಯಾಪಕರ ಶಿಫಾರಸು ಪತ್ರ, ನಿಗದಿತ ನಮೂನೆಯಲ್ಲಿ ದೇಹದಾರ್ಢ್ಯ ಪರೀಕ್ಷೆಯ ವರದಿ, ಪಾಸ್‌ಪೋರ್ಟ್ ಕಚೇರಿಯಿಂದ ಪಡೆದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಇವು ಸಾಮಾನ್ಯವಾಗಿ ಬೇಕಾಗುತ್ತವೆ. ವೈದ್ಯಕೀಯ ವರದಿಯ ಮಾನ್ಯತೆ ಆರು ತಿಂಗಳು. ಭಾವಚಿತ್ರದ ಮೇಲೆ ಆಸ್ಪತ್ರೆಯ ಮೊಹರು ಬೀಳದಿದ್ದರೆ ಅದು ಅಸಿಂಧು. ಚಿಕ್ಕ ವಿಷಯವೆನಿಸಿದರೂ ಇದೊಂದರಿಂದಲೇ ವರದಿ ವಾಪಸಾಗಿರುವುದುಂಟು.

ಹೆಸರಿನ ವಿಷಯದಲ್ಲಿ ನಮ್ಮ ರಾಜ್ಯದ ಅರ್ಜಿದಾರರು ವಿಶೇಷ ಎಚ್ಚರ ವಹಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ಒಂದೇ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ವಿಸ್ತಾರವಾಗಿ ಇರುವುದು ಇಲ್ಲಿ ಸರ್ವೇಸಾಮಾನ್ಯ. ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಅಂಕಣವೇ ಖಾಲಿ ಇರುತ್ತದೆ. ನಮಗೆ ಇದು ಒಬ್ಬನೇ ವ್ಯಕ್ತಿ ಎಂಬುದು ನೋಡಿದೊಡನೆ ತಿಳಿಯುತ್ತದೆ. ದೂರದ ದೇಶದ ಗುಮಾಸ್ತನಿಗೆ ತಿಳಿಯಬೇಕಾದ ಕಾರಣವಿಲ್ಲ. ಪ್ರವೇಶ ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ, ಅದೇ ಅನುಕ್ರಮದಲ್ಲಿ, ಅದೇ ಅಂತರಗಳೊಂದಿಗೆ ಬರೆಯತಕ್ಕದ್ದು. ವ್ಯತ್ಯಾಸವಿದ್ದಲ್ಲಿ ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರವನ್ನು ಲಗತ್ತಿಸಬಹುದು. ಅಂಕಪಟ್ಟಿಯ ತಿದ್ದುಪಡಿಯೇ ಬೇಕಾದರೆ ತಿಂಗಳುಗಳೇ ಹಿಡಿಯುವುದರಿಂದ ಹಿಂದಿನ ವರ್ಷವೇ ಆರಂಭಿಸುವುದು ಸೂಕ್ತ. ಶಾಲೆಗೆ ಸೇರಿದ ಮೇಲೆ ಅಧ್ಯಾಪಕರು ಪ್ರತಿಯೊಬ್ಬರಿಗೂ ಮೂರಕ್ಷರದ ಒಂದು ಚೀನೀ ಹೆಸರನ್ನು ಕೊಡುವ ರೂಢಿ ಇದೆ. ತರಗತಿಗೆ ಅದು ಚೆನ್ನ. ಬ್ಯಾಂಕಿನ ಅಥವಾ ಪೊಲೀಸರ ನಮೂನೆಯಲ್ಲಿ ಪಾಸ್‌ಪೋರ್ಟ್ ಹೆಸರನ್ನೇ ಬರೆಯಬೇಕು.

ದೃಢೀಕರಣವನ್ನು ಕುರಿತು ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಚೀನಾ ದೇಶವು ಅಪಾಸ್ಟಿಲ್ ಒಡಂಬಡಿಕೆಗೆ ಸೇರಿದ್ದು, ಅದು 2023ರ ನವೆಂಬರ್ 7ರಿಂದ ಅಲ್ಲಿ ಜಾರಿಗೆ ಬಂದಿದೆ. ಭಾರತವೂ ಆ ಒಡಂಬಡಿಕೆಯಲ್ಲಿದೆ. ಆದರೆ ಭಾರತ ಮತ್ತು ಚೀನಾ ಪರಸ್ಪರರ ನಡುವೆ ಅದು ಜಾರಿಯಲ್ಲಿಲ್ಲ. ಆದ್ದರಿಂದ ಚೀನಾದಲ್ಲಿ ಬಳಸಬೇಕಾದ ದಾಖಲೆಗೆ ಅಪಾಸ್ಟಿಲ್ ಮೊಹರು ಮಾತ್ರ ಸಾಲುವುದಿಲ್ಲ. ರಾಜ್ಯದ ಸಕ್ಷಮ ಪ್ರಾಧಿಕಾರ, ನಂತರ ವಿದೇಶಾಂಗ ಮಂತ್ರಾಲಯ, ಕೊನೆಗೆ ಚೀನಾದ ರಾಯಭಾರ ಅಥವಾ ಕಾನ್ಸುಲ್ ಕಚೇರಿ ಎಂಬ ಹಳೆಯ ಕ್ರಮವೇ ಅನ್ವಯಿಸುತ್ತದೆ. ಯಾವ ದಾಖಲೆಗೆ ಪೂರ್ಣ ದೃಢೀಕರಣ ಬೇಕು, ಯಾವುದಕ್ಕೆ ನೋಟರಿ ಸಹಿ ಸಾಕು ಎಂಬುದನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಎಲ್ಲದಕ್ಕೂ ಮಾಡಿಸಿ ಹಣ ಕಳೆದುಕೊಳ್ಳುವ ಅಗತ್ಯವಿಲ್ಲ.

ವೀಸಾ

ಚೀನಾದ ವಿದ್ಯಾರ್ಥಿ ವೀಸಾದಲ್ಲಿ 2013ರ ಸೆಪ್ಟೆಂಬರಿನಿಂದ ಎರಡು ವಿಧಗಳಿವೆ. ವ್ಯಾಸಂಗವು 180 ದಿನಗಳನ್ನು ಮೀರಿದರೆ ಎಕ್ಸ್-1. ಅದರೊಳಗೆ ಮುಗಿಯುವುದಾದರೆ ಎಕ್ಸ್-2. ಎಕ್ಸ್-1ಕ್ಕೆ ಪ್ರವೇಶಪತ್ರದ ಜೊತೆಗೆ ಜೆಡಬ್ಲ್ಯೂ-201 ಅಥವಾ ಜೆಡಬ್ಲ್ಯೂ-202 ನಮೂನೆ ಬೇಕು. ಮೊದಲನೆಯದು ಚೀನಾ ಸರ್ಕಾರದ ವೇತನ ಪಡೆದವರಿಗೆ, ಎರಡನೆಯದು ಉಳಿದವರಿಗೆ. ಎರಡನ್ನೂ ವಿಶ್ವವಿದ್ಯಾಲಯವೇ ಕಳುಹಿಸುತ್ತದೆ.

ಎಕ್ಸ್-1 ವೀಸಾ ಕೇವಲ ಒಳಬರುವ ಅನುಮತಿ. ದೇಶ ತಲುಪಿದ 30 ದಿನಗಳೊಳಗೆ ಸ್ಥಳೀಯ ಸಾರ್ವಜನಿಕ ಭದ್ರತಾ ಕಚೇರಿಯಲ್ಲಿ ನಿವಾಸ ಪರವಾನಗಿಗೆ ಅರ್ಜಿ ಸಲ್ಲಿಸತಕ್ಕದ್ದು. ಆ ಪರವಾನಗಿ ಕೈಗೆ ಬಂದ ನಂತರವೇ ಅವಧಿಯೊಳಗೆ ಹೊರಹೋಗಿ ಮರಳಿ ಬರಬಹುದು. ಎಕ್ಸ್-2 ಪಡೆದವರಿಗೆ ಈ ಸೌಲಭ್ಯವಿಲ್ಲ. ಸಾಮಾನ್ಯವಾಗಿ ಒಂದೇ ಪ್ರವೇಶಕ್ಕೆ ಕೊಡಲಾಗುತ್ತದೆ.

ಒಂದು ಪ್ರಕರಣವನ್ನು ಇಲ್ಲಿ ಹೇಳುವುದು ಉಚಿತ. ಪದವಿ ಮುಗಿಸಿದ ಅಭ್ಯರ್ಥಿಯೊಬ್ಬರು ಒಂದು ವರ್ಷದ ಕೋರ್ಸ್ ಎಂದು ತಿಳಿದು ಮಧ್ಯವರ್ತಿಗೆ ಹಣ ಕಟ್ಟಿದ್ದರು. ಬಂದ ಪ್ರವೇಶಪತ್ರ ಒಂದು ಸೆಮಿಸ್ಟರಿನದು, ಅಂಟಿಸಿದ್ದ ವೀಸಾ ಎಕ್ಸ್-2. ಅದನ್ನು ಅವರು ಓದಿರಲಿಲ್ಲ. ಓದಿದ್ದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ ಎಂದು ಅವರೇ ಹೇಳಿದರು. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಿ ಸಹಪಾಠಿಗಳೊಡನೆ ಹಾಂಗ್‌ಕಾಂಗ್ ನೋಡಲು ಹೋದರು. ಹಾಂಗ್‌ಕಾಂಗ್ ಚೀನಾದ ಭಾಗವೇ ಆದರೂ ಅದರ ಗಡಿ ಪ್ರತ್ಯೇಕ. ಅಲ್ಲಿಗೆ ಕಾಲಿಟ್ಟರೆ ಮುಖ್ಯಭೂಮಿಯಿಂದ ಹೊರಹೋದಂತೆಯೇ ಲೆಕ್ಕ. ಮರಳುವಾಗ ಗಡಿಯಲ್ಲಿ ತಡೆದರು. ಸಹಪಾಠಿಗಳು ದಾಟಿ ಹೋದರು, ಇವರು ಅಲ್ಲಿಂದಲೇ ಊರಿಗೆ ಬರಬೇಕಾಯಿತು. ಪುಸ್ತಕ, ಬಟ್ಟೆ, ಕಟ್ಟಿದ ಶುಲ್ಕ ಎಲ್ಲವೂ ಅಲ್ಲಿಯೇ ಉಳಿದವು. ವೀಸಾದ ಮೇಲೆ ಪ್ರವೇಶಗಳ ಸಂಖ್ಯೆ ಒಂದು ಎಂದು ಮುದ್ರಿತವಾಗಿಯೇ ಇತ್ತು.

ಆದುದರಿಂದ ವೀಸಾ ಚೀಟಿಯಲ್ಲಿ ವರ್ಗ, ಪ್ರವೇಶಗಳ ಸಂಖ್ಯೆ, ಒಳಹೋಗಬೇಕಾದ ಕೊನೆಯ ದಿನಾಂಕ ಈ ಮೂರನ್ನೂ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಓದಿಕೊಳ್ಳಬೇಕು.

ಹೋಟೆಲಿನಲ್ಲಿ ಉಳಿಯದೆ ಖಾಸಗಿ ಮನೆಯಲ್ಲಿ ಉಳಿದುಕೊಂಡವರು 24 ಗಂಟೆಗಳೊಳಗೆ ಪೊಲೀಸ್ ಠಾಣೆಯಲ್ಲಿ ವಾಸಸ್ಥಳ ನೋಂದಾಯಿಸತಕ್ಕದ್ದು. ಅನುಮತಿ ಇಲ್ಲದೆ ವೇತನಕ್ಕೆ ಕೆಲಸ ಮಾಡುವುದು ಅಲ್ಲಿ ಅಪರಾಧ. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವುದೂ ಇದಕ್ಕೆ ಹೊರತಲ್ಲ.

ಭಾರತೀಯ ವಿದ್ಯಾರ್ಥಿಗಳಿಗೆ 2020ರಲ್ಲಿ ನಿಂತುಹೋಗಿದ್ದ ವೀಸಾ 2022ರ ಆಗಸ್ಟಿನಲ್ಲಿ ಪುನಃ ಆರಂಭವಾಯಿತು. ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮರಳಿ ಹಾರತೊಡಗಿದವು. ಆ ನಡುವಿನ ಎರಡೂವರೆ ವರ್ಷ ಮೊಬೈಲಿನ ಪರದೆಯ ಮೇಲೆ ಟೋನ್ ಅಭ್ಯಾಸ ಮಾಡಿದ ವಿದ್ಯಾರ್ಥಿಗಳನ್ನು ನೆನೆದರೆ, ಇಂದಿನ ಅರ್ಜಿದಾರರ ಸ್ಥಿತಿ ಉತ್ತಮವೆನ್ನಬೇಕು.

ವೆಚ್ಚ

ಬೋಧನಾ ಶುಲ್ಕ ಮತ್ತು ವಸತಿಯನ್ನು ಮಾತ್ರ ಲೆಕ್ಕ ಹಾಕಿ ಹೊರಡುವುದು ಸಾಮಾನ್ಯ ತಪ್ಪು. ನೋಂದಣಿ ಶುಲ್ಕ, ವಸತಿಯ ಠೇವಣಿ, ಅಲ್ಲಿ ಪುನಃ ಮಾಡುವ ವೈದ್ಯಕೀಯ ತಪಾಸಣೆ, ಪಠ್ಯಪುಸ್ತಕ, ಕಡ್ಡಾಯ ವಿಮೆ, ನಿವಾಸ ಪರವಾನಗಿ ಶುಲ್ಕ ಇವೆಲ್ಲ ಮೊದಲ ಎರಡು ವಾರಗಳಲ್ಲಿಯೇ ಒಟ್ಟಿಗೆ ಬರುತ್ತವೆ. ಒಂದು ವರ್ಷದ ವಿಮೆಗೆ 800 ಯುವಾನ್, ಒಂದು ವರ್ಷದೊಳಗಿನ ಪರವಾನಗಿಗೆ 400 ಯುವಾನ್ ಎಂಬುದು ರೂಢಿಯಲ್ಲಿರುವ ದರ. ಚಳಿಯ ಪ್ರದೇಶಕ್ಕೆ ಹೋಗುವವರು ಬಟ್ಟೆಯನ್ನು ಅಲ್ಲಿಯೇ ಕೊಳ್ಳುವುದು ಲಾಭಕರ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ಬ್ಯಾಂಕಿನ ಮೂಲಕವೇ ರವಾನಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ವ್ಯಕ್ತಿಯ ಖಾತೆಗೆ ಕಳುಹಿಸಿದ ಹಣಕ್ಕೆ ಯಾವ ಕಚೇರಿಯೂ ಜವಾಬ್ದಾರಿಯಾಗದು.

ನಿತ್ಯಜೀವನ

ಸಸ್ಯಾಹಾರಿಗಳು ಕಲಿಯಬೇಕಾದ ಮೊದಲ ಪದ ‘ಸು’, ನಾಲ್ಕನೆಯ ಟೋನ್. ಸಸ್ಯಾಹಾರ ಎಂದರ್ಥ. ಮಾಂಸವಿಲ್ಲದ ತರಕಾರಿ ಪಲ್ಯವನ್ನೂ ಹಂದಿಯ ಕೊಬ್ಬಿನಲ್ಲಿ ಹುರಿದಿರಬಹುದು, ಕೋಳಿಯ ಸಾರು ಬೆರೆಸಿರಬಹುದು. ಆದ್ದರಿಂದ ‘ಮಾಂಸ ಬೇಡ’ ಎಂದರೆ ಸಾಲದು. ಬೌದ್ಧ ದೇವಾಲಯಗಳ ಬಳಿಯ ಊಟದ ಮನೆಗಳಲ್ಲಿ ಶುದ್ಧ ಸಸ್ಯಾಹಾರ ದೊರೆಯುತ್ತದೆ. ಮುಸ್ಲಿಂ ವಿದ್ಯಾರ್ಥಿಗಳಿಗೆ ಹಲಾಲ್ ಆಹಾರದ ಪ್ರತ್ಯೇಕ ಭೋಜನಶಾಲೆ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಅದನ್ನು ‘ಛಿಂಗ್‌ಚೆನ್’ ಎನ್ನುತ್ತಾರೆ. ದಕ್ಷಿಣದಲ್ಲಿ ಅನ್ನ, ಉತ್ತರದಲ್ಲಿ ಗೋಧಿಯ ಶಾವಿಗೆ ಮತ್ತು ಹಬೆಯಲ್ಲಿ ಬೇಯಿಸಿದ ರೊಟ್ಟಿ ಪ್ರಧಾನ.

ಮನೆಯವರೊಡನೆ ಸಂಪರ್ಕದ ಏರ್ಪಾಡನ್ನು ಹೊರಡುವ ಮೊದಲೇ ಮಾಡಿಕೊಳ್ಳಬೇಕು. ಚೀನಾದಲ್ಲಿ ವಾಟ್ಸಾಪ್ ಮತ್ತು ಗೂಗಲ್ ಸೇವೆಗಳು ತಡೆಹಿಡಿಯಲ್ಪಟ್ಟಿವೆ. ಅಲ್ಲಿ ಎಲ್ಲರೂ ಬಳಸುವ ವಿಚಾಟ್ ಭಾರತದಲ್ಲಿ 2020ರ ಜೂನ್‌ನಲ್ಲಿ ನಿಷೇಧಿಸಲ್ಪಟ್ಟಿತು. ಮಗ ಅಲ್ಲಿಂದ ವಾಟ್ಸಾಪ್ ಮಾಡಲಾರ, ತಾಯಿ ಇಲ್ಲಿಂದ ವಿಚಾಟ್ ಮಾಡಲಾರಳು. ಅಂತರರಾಷ್ಟ್ರೀಯ ರೋಮಿಂಗ್ ಇರುವ ಭಾರತೀಯ ಸಿಮ್ ಅನ್ನು ಚಾಲ್ತಿಯಲ್ಲಿಡುವುದು, ವಾರಕ್ಕೊಮ್ಮೆ ಗೊತ್ತಾದ ಸಮಯದಲ್ಲಿ ದೂರವಾಣಿ ಕರೆ ಮಾಡುವುದು ಸರಳ ಉಪಾಯ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ.

ವಸಂತೋತ್ಸವವು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಆಗ ವಿಶ್ವವಿದ್ಯಾಲಯದ ಆವರಣ ಬರಿದಾಗಿ, ಸುತ್ತಲಿನ ಅಂಗಡಿಗಳೂ ಮುಚ್ಚಿರುತ್ತವೆ. ಊರಿಗೆ ಬರಲಾಗದವರು ಯಾರಾದರೂ ಸಹಪಾಠಿಯ ಮನೆಗೆ ಕರೆದರೆ ಒಪ್ಪಿಕೊಳ್ಳುವುದು ಒಳಿತು. ಅಜ್ಜ ಅಜ್ಜಿ, ಮಾವ, ಚಿಕ್ಕಪ್ಪಂದಿರಿಗೆ ತಂದೆಯ ಕಡೆ, ತಾಯಿಯ ಕಡೆ, ಹಿರಿಯ, ಕಿರಿಯ ಎಂದು ಬೇರೆ ಬೇರೆ ಪದಗಳಿರುವ ಆ ಭಾಷೆಯ ಸಂಬಂಧವಾಚಕಗಳು ಪುಸ್ತಕಕ್ಕಿಂತ ಹಬ್ಬದ ಊಟದ ಮೇಜಿನಲ್ಲಿ ಬೇಗ ಬರುತ್ತವೆ. ಕನ್ನಡದ ಮನೆಯಿಂದ ಹೋದವರಿಗೆ ಅವುಗಳ ತರ್ಕ ಇಂಗ್ಲಿಷರಿಗಿಂತ ಸುಲಭವಾಗಿ ತಿಳಿಯುತ್ತದೆ.

ಹಿಂದಿರುಗುವಾಗ

ವ್ಯಾಸಂಗ ಪೂರೈಸಿದ ಪ್ರಮಾಣಪತ್ರ, ಅಂಕಪಟ್ಟಿ, ಎಚ್‌ಎಸ್‌ಕೆ ಫಲಿತಾಂಶ ಇವುಗಳ ಮೂಲ ಪ್ರತಿಗಳನ್ನು ಕೈಯಲ್ಲಿ ಪಡೆದು ಹೆಸರಿನ ಕಾಗುಣಿತವನ್ನು ಪರಿಶೀಲಿಸಿಯೇ ನಿಲಯವನ್ನು ತೆರವು ಮಾಡತಕ್ಕದ್ದು. ಭಾರತಕ್ಕೆ ಬಂದ ಮೇಲೆ ಅಂಚೆಯ ಮೂಲಕ ತರಿಸಿಕೊಳ್ಳುವುದು ಕಷ್ಟಸಾಧ್ಯ. ಇಲ್ಲಿನ ಕಚೇರಿಗಳಲ್ಲಿ ಹಾಜರುಪಡಿಸಬೇಕಾಗಿ ಬರುವ ದಾಖಲೆಗಳ ದೃಢೀಕರಣವನ್ನು ಚೀನಾದಲ್ಲಿರುವಾಗಲೇ, ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಅಥವಾ ಶಾಂಘೈ, ಗುವಾಂಗ್‌ಝೌಗಳ ಕಾನ್ಸುಲ್ ಕಚೇರಿಗಳಲ್ಲಿ ವಿಚಾರಿಸಿ ಮಾಡಿಸಿಕೊಂಡು ಬರುವುದು. ವಸತಿಯ ಠೇವಣಿಯನ್ನು ಮರಳಿ ಪಡೆಯಲು ಮೊದಲ ದಿನದ ರಸೀದಿ ಕೇಳುತ್ತಾರೆ.